ವಿಟಮಿನ್ ಔಷಧಿಯಲ್ಲವಂತೆ

ವಿಟಮಿನ್ ತಿಂದು ಆಸ್ಪತ್ರೆ ಸೇರಿದವರ ಕತೆ ಹೇಳಿದರೆ ಊರಲ್ಲಿ ಯಾರೂ ನಂಬುವುದಿಲ್ಲ. ಸೌದಿಯ ಥುಕ್ಬಾ ಪೇಟೆಯ ಫಾರ್ಮಸಿ ಕೌಂಟರಿನಲ್ಲಿ ನಿಂತ ನನಗೆ ಇಂಥದ್ದು ವಾರಕ್ಕೊಂದಾದರೂ ಸಿಗದಿದ್ದರೆ ಅದು ಈದ್ ರಜೆಯ ವಾರ ಅಂತ ತಿಳಿಯಿರಿ. ಗಲ್ಫಿನಲ್ಲಿ ವಿಟಮಿನ್ ಔಷಧಿಗಳ ಸಾಲಿಗೆ ಸೇರಿದ್ದಲ್ಲ. ಅದು ಚಾಕೊಲೇಟ್, ಅತ್ತರು, ಕಂಬಳಿಗಳ ಸಾಲಿನದ್ದು. ಕೊಡುವವನಿಗೂ ಮರ್ಯಾದೆ, ತಿನ್ನುವವನಿಗೂ ಮರ್ಯಾದೆ.

ಇದರಲ್ಲಿ ನನ್ನ ತಲೆ ಕೆಡಿಸಿದ್ದು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಣ್ಣ. ದಹ್ರಾನ್ ಹತ್ತಿರದ ಒಂದು ಕಾರ್ಮಿಕರ ಕ್ಯಾಂಪಿನಲ್ಲಿ ಅಡುಗೆಯವನು. ಮಂಗಳೂರಿನಲ್ಲಿ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು ಬಂದು ಮತ್ತೆ ಸೌಟು ಹಿಡಿದವನು. ರಕ್ತ ತೆಳು ಮಾಡುವ ಮಾತ್ರೆ ಅವನಿಗೆ ಜೀವ ಇರುವವರೆಗೆ ಬೇಕು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ರಕ್ತ ಎಷ್ಟು ತೆಳು ಅಂತ ಅದರಲ್ಲಿ ಒಂದು ಅಂಕೆ ಬರುತ್ತದೆ; ಅದು ಇಳಿದರೆ ರಕ್ತ ಹೆಪ್ಪುಗಟ್ಟಿ ವಾಲ್ವ್ ನಿಂತುಹೋಗಬಹುದು, ಮೇಲೆ ಹೋದರೆ ಒಳಗೆಲ್ಲಾದರೂ ರಕ್ತ ಸೋರಬಹುದು. ಆ ಅಂಕೆ ಕಾಯುವ ಕೆಲಸ ನನ್ನದು.

ಕೇಳಿದ್ದು ಔಷಧಿ

ಒಂದು ತಿಂಗಳು ಅಂಕೆ ದಡಕ್ಕನೆ ಇಳಿಯಿತು. ಡಾಕ್ಟರು ಕೇಳಿದರು, "ಬೇರೆ ಏನಾದರೂ ಔಷಧಿ ತಗೊಳ್ತಿದ್ದೀಯಾ?"

"ಇಲ್ಲ," ಅಂದ ಅಣ್ಣ, ಅಲ್ಲಾಹನ ಮೇಲೆ ಆಣೆ ಹಾಕಿ.

ಡಾಕ್ಟರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಮರುದಿನ ಅವನ ರೂಮಿಗೆ ಹೋಗಿ ನೋಡಿದರೆ ಹಾಸಿಗೆಯ ತಲೆಬದಿಯಲ್ಲಿ ಮಲ್ಟಿವಿಟಮಿನ್ ಡಬ್ಬ! ಲೇಬಲ್ ಓದಿದೆ. ವಿಟಮಿನ್ ಕೆ ಉಂಟು. ಅವನ ಮಾತ್ರೆ ರಕ್ತವನ್ನು ತೆಳು ಮಾಡಲು ಎಳೆದರೆ ಇದು ಉಲ್ಟಾ ಎಳೆಯುವುದು.

"ಡಾಕ್ಟರಿಗೆ ಯಾಕೆ ಹೇಳಲಿಲ್ಲ ಮಾರಾಯ?"

"ಅವರು ಕೇಳಿದ್ದು ಔಷಧಿ ಅಲ್ವಾ? ಇದು ಸೂಪರ್‌ವೈಸರ್ ಕೊಟ್ಟ ಗಿಫ್ಟು."

ಕಿತ್ತು ಬಿಸಾಡುವಂತೆಯೂ ಇಲ್ಲ. ಪ್ರಮಾಣ ಆಗಲೇ ಹೆಚ್ಚಾಗಿದೆ, ಇದನ್ನು ತಟ್ಟನೆ ನಿಲ್ಲಿಸಿದರೆ ಅಂಕೆ ಆಕಾಶಕ್ಕೆ ಹಾರಬಹುದು. ಕೈ ಹಿಡಿದು ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ತಲೆಗೆ ಕೈ ಹಚ್ಚಿ ಕೇಳಿದರು, "ಇದನ್ನು ತಿನ್ನುವ ಅಗತ್ಯ ಎಂಥದ್ದಿತ್ತು?"

ಅಣ್ಣ ಹೇಳಿದ, "ತಿಂಗಳು ತಿಂಗಳು ನೀವು ರಕ್ತ ತೆಗೀತೀರಲ್ಲ ಡಾಕ್ಟ್ರೇ, ಅದು ತುಂಬ್ಲಿಕ್ಕೆ."

ಶೋಕೇಸ್

ರಜೆಗೆ ಹೊರಟ ಉಡುಪಿ ಕಡೆಯವರೊಬ್ಬರು ಬಂದು ಮೀನೆಣ್ಣೆಯ ಆರು ಡಬ್ಬ ಕೇಳಿದರು. ಅಣ್ಣನ ಕತೆಯಾದ ಮೇಲೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಮನೆಯಲ್ಲಿ ಯಾರಾದರೂ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಾರಾ?"

"ಅಪ್ಪ ತಿಂತಾರೆ."

"ಹಾಗಾದ್ರೆ ಡಾಕ್ಟರನ್ನು ಕೇಳದೆ ಅವರಿಗೆ ಇದು ಕೊಡಬೇಡಿ, ಇದೂ ರಕ್ತ ತೆಳು ಮಾಡುವಂಥದ್ದೇ."

"ಚಿಕ್ಕಪ್ಪನಿಗೆ ಕೊಟ್ಟು ಅಪ್ಪನಿಗೆ ಕೊಡದಿದ್ರೆ ಮನೆ ಒಳಗೆ ಬಿಡ್ತಾರಾ? ನೀವೇ ಹೇಳಿ ಅವರಿಗೆ," ಎಂದು ಫೋನು ಹಚ್ಚಿ ನನ್ನ ಕಿವಿಗೆ ಹಿಡಿದರು.

ನಾನು ಭಯಭಕ್ತಿಯಿಂದ ವಿವರಿಸಿದೆ. ಆ ಕಡೆಯಿಂದ ಹಿರಿಯರು ನಕ್ಕರು. "ತಿನ್ನುವುದು ಯಾರು ಮಾರಾಯ್ರೆ? ಐದು ವರ್ಷದಿಂದ ಬಂದದ್ದೆಲ್ಲ ಶೋಕೇಸಿನಲ್ಲಿ ಜೋಡಿಸಿ ಇಟ್ಟಿದ್ದೇನೆ. ಬಂದವರು ನೋಡಬೇಕಲ್ಲ, ಮಗ ಸೌದಿಯಲ್ಲಿದ್ದಾನೆ ಅಂತ."

ನನ್ನ ಇಡೀ ಸರ್ವಿಸಿನಲ್ಲಿ ವಿಟಮಿನನ್ನು ಸುರಕ್ಷಿತವಾಗಿ ಬಳಸಿದ ರೋಗಿ ಅವರೊಬ್ಬರೇ.

ಮ್ಯಾನೇಜರ್

ಇಷ್ಟು ಬುದ್ಧಿ ಹೇಳುವ ನನ್ನ ಹೊಟ್ಟೆಪಾಡು ಎಂಥದ್ದು ಅಂತ ಕೇಳಿ. ವಿಟಮಿನ್ ಮಾರುವುದೇ! ಚೀಟಿ ತಂದವನು ಯಾರೇ ಇರಲಿ, ಒಂದು ವಿಟಮಿನ್ ಡಬ್ಬ ದಾಟಿಸಲೇಬೇಕು. ಒಂದು ಕೊಂಡರೆ ಒಂದು ಫ್ರೀ. ರಕ್ತ ತೆಳು ಮಾಡುವ ಮಾತ್ರೆಗೆ ಬಂದ ಮುದುಕರೊಬ್ಬರನ್ನು ನಾನು ಹಾಗೆಯೇ ಕಳಿಸಿದೆ. ಮ್ಯಾನೇಜರ್ ಕ್ಯಾಮೆರಾದಲ್ಲಿ ನೋಡಿ ಫೋನು ಮಾಡಿದ.

"ಯಾಕೆ ಬರಿಗೈಲಿ ಕಳಿಸಿದೆ?"

"ಅವರ ಮಾತ್ರೆಗೆ ಇದು ಆಗುವುದಿಲ್ಲ ಸರ್. ರಕ್ತ ಸೋರಿದರೆ?"

ಅವನು ಸ್ವಲ್ಪ ಯೋಚಿಸಿದ. "ಹೌದಾ? ಹಾಗಾದರೆ ಅವನ ಹೆಂಡತಿಗೆ ಮಾರಬೇಕಿತ್ತು."

ಆಮೇಲೆ ದನಿ ತಗ್ಗಿಸಿ, ಮುಂದಿನ ತಿಂಗಳೂ ಟಾರ್ಗೆಟ್ ಆಗದಿದ್ದರೆ ಎಕ್ಸಿಟ್ ಹೊಡೆದು ಊರಿಗೆ ಕಳಿಸುತ್ತೇನೆ ಅಂದ. ಉರಿದುಹೋಯಿತು ನನಗೆ. ಆ ಶುಕ್ರವಾರ ಅಣ್ಣನ ರೂಮಿನಲ್ಲಿ ಅನ್ನ ಕಲಸುತ್ತಾ ಎಲ್ಲ ಹೇಳಿ ಅವನ ಮುಂದೆ ಮ್ಯಾನೇಜರನ ಏಳು ತಲೆಮಾರನ್ನು ಬೈದೆ. ಅಣ್ಣ ಇನ್ನೊಂದು ಮೀನು ಬಡಿಸಿದ.

ಟಾರ್ಗೆಟ್

ಮುಂದಿನ ತಿಂಗಳು ನನ್ನ ಅದೃಷ್ಟ ತೆರೆಯಿತು. ಕಂಪನಿ ಯೂನಿಫಾರ್ಮಿನ ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದು ವಿಟಮಿನ್ ಇ, ಮೀನೆಣ್ಣೆ ಕೇಳಿದರು. ಚೌಕಾಸಿ ಇಲ್ಲ, ಪ್ರಶ್ನೆ ಇಲ್ಲ. ಯಾರಿಗೆ ಅಂತ ಎಲ್ಲರನ್ನೂ ಕೇಳುವ ನಾನು ಅವರನ್ನು ಕೇಳಲಿಲ್ಲ. ಕೇಳಿದರೆ ಬೇಡ ಅಂದಾರು ಅಂತ ಹೆದರಿಕೆ. ನನ್ನ ಮಾತುಗಾರಿಕೆ ಸುಧಾರಿಸಿದೆ ಅಂತ ಮ್ಯಾನೇಜರ್ ಬೆನ್ನು ತಟ್ಟಿದ. ನಾನೂ ನಂಬಿದೆ, ನಾಚಿಕೆ ಇಲ್ಲದವನು.

ತಿಂಗಳ ಕೊನೆಯಲ್ಲಿ ಕ್ಯಾಂಪಿನಿಂದ ಫೋನು ಬಂತು. ಅಣ್ಣನ ಮೂಗಿನಲ್ಲಿ ರಕ್ತ, ನಿಲ್ಲುತ್ತಿಲ್ಲ. ಎಮರ್ಜೆನ್ಸಿಗೆ ಓಡಿದೆ. ಅಂಕೆ ಹೇಳುವಾಗ ನರ್ಸಿನ ಮುಖವೇ ಬಿಳುಚಿತ್ತು. ಸೂಜಿಯಲ್ಲಿ ವಿಟಮಿನ್ ಕೆ ಕೊಟ್ಟು, ರಕ್ತ ಏರಿಸಿ, ಎರಡು ದಿನ ಪರದಾಡಿದ ಮೇಲೆ ಅವನು ಕಣ್ಣು ಬಿಟ್ಟು ನೀರು ಕೇಳಿದ.

"ಎಂತ ತಿಂದೆ? ಸತ್ಯ ಹೇಳು."

"ವಿಟಮಿನ್ ಇ. ಮತ್ತೆ ಮೀನೆಣ್ಣೆ."

"ಯಾವ ಹಾಳಾದವನು ಕೊಟ್ಟ?"

ಅಣ್ಣ ಗೋಡೆ ಕಡೆ ನೋಡಿದ. "ನೀನೇ. ನಿನಗೆ ಎಕ್ಸಿಟ್ ಹೊಡೀತಾರೆ ಅಂದಿದ್ದಿಯಲ್ಲ, ಕ್ಯಾಂಪಿನ ಹುಡುಗರಿಗೆಲ್ಲ ತಗೊಳ್ಳಿ ಅಂದೆ. ಅವರು ಒಂದು ಇಟ್ಕೊಂಡು ಫ್ರೀಯದ್ದು ನನಗೆ ತಂದು ಕೊಟ್ರು."

"ತಂದರೆ ತಿನ್ನಬೇಕಾ? ಇಂಥದ್ದು ಮುಟ್ಟಬೇಡ ಅಂತ ಬಾಯಿ ಒಣಗುವಷ್ಟು ಹೇಳಿದ್ದೆನಲ್ಲ?"

"ನೀನು ಹೇಳಿದ್ದು ಬೇರೆಯವರು ಕೊಟ್ಟದ್ದಕ್ಕೆ. ಇದು ನಿನ್ನ ಅಂಗಡಿಯದ್ದು ಅಲ್ವಾ? ನೀನು ಜನರಿಗೆ ಕೆಟ್ಟದ್ದು ಮಾರ್ತೀಯಾ?"

 ಕಣ್ಣು ತುಂಬಿ, ಡ್ರಿಪ್ಪಿನ ಕಡೆ ಮುಖ ತಿರುಗಿಸಿದೆ.

ಅವನು ನನ್ನ ಕೈ ತಟ್ಟಿದ. "ಅದು ಬಿಡು. ಟಾರ್ಗೆಟ್ ಆಯ್ತಾ?"

ಆಗಿತ್ತು. ಬೆಳಿಗ್ಗೆಯೇ ಮ್ಯಾನೇಜರ್ ಫೋನು ಮಾಡಿ ಶಾಬಾಶ್ ಅಂದು, ಮುಂದಿನ ತಿಂಗಳದ್ದನ್ನು ಎರಡು ಪಟ್ಟು ಮಾಡಿದ್ದ.