ಮೂರು ಸ್ಟೇಷನ್ನುಗಳ ಮೇಲೆ ನಾನು ಸಾರಿದ ಸಮರ

ನನ್ನ ವೀಲ್‌ಚೇರಿನ ಅಗಲ ಅರವತ್ತೊಂದೂವರೆ ಸೆಂಟಿಮೀಟರ್. ಆ ಅರ್ಧ ಸೆಂಟಿಮೀಟರನ್ನು ಬಿಟ್ಟುಬಿಡುವವರು ಇದ್ದಾರೆ. ನಾನು ಬಿಡುವವಳಲ್ಲ. ಕುವೈತಿನ ಮಂಗಫ್‌ನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಟೇಪು ಹಿಡಿದು ಮೂರು ಸಲ ಅಳೆದು, ಮೂರು ಸಲವೂ ಒಂದೇ ಉತ್ತರ ಬಂದ ಮೇಲೆಯೇ ಕೋಷ್ಟಕದ ಮೊದಲ ಸಾಲಿನಲ್ಲಿ ಬರೆದೆ.

ಕೋಷ್ಟಕದ ಹೆಸರು ‘ಯುರೋಪ್ ಅಂತಿಮ’. ಅದು ಏಳನೆಯ ಅಂತಿಮ. ಯುರೋಪಿನ ರೈಲ್ ಪಾಸ್ ಎಂದರೆ ಕೇಳಲು ಬಹಳ ಸರಳ: ಒಂದು ತಿಂಗಳಲ್ಲಿ ಏಳು ದಿನ, ಯಾವ ರೈಲು ಬೇಕಾದರೂ ಹತ್ತಬಹುದು. ನಡೆಯುವವರಿಗೆ ಅಷ್ಟೇ. ನನ್ನಂಥವರು ಹತ್ತುವ ಸ್ಟೇಷನ್ನಿಗೂ ಇಳಿಯುವ ಸ್ಟೇಷನ್ನಿಗೂ ಮೊದಲೇ ಬರೆದು, ಬಾಗಿಲಿಗೆ ಇಳಿಜಾರು ಹಲಗೆ ಇಡಲು ಒಬ್ಬರು ಬರುತ್ತಾರೆಂದು ಖಾತ್ರಿ ಮಾಡಿಕೊಳ್ಳಬೇಕು. ಅವರು ಬಾರದಿದ್ದರೆ, ಇಳಿಯಬೇಕಾದ ಊರಿಗೆ ಕಿಟಕಿಯಿಂದಲೇ ಕೈಬೀಸಿ ಮುಂದೆ ಹೋಗಬೇಕು.

ನನಗೆ ಇದರ ಹೆದರಿಕೆ ಇರಲಿಲ್ಲ. ಮಿರ್ಕಾಬ್‌ನ ಎಂಜಿನಿಯರಿಂಗ್ ಕಚೇರಿಯೊಂದರಲ್ಲಿ ಬೇರೆಯವರ ವೇಳಾಪಟ್ಟಿಗಳಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಅದರಲ್ಲಿ ನನಗೆ ಸ್ವಲ್ಪ ಹೆಸರೂ ಇದೆ. ಹೆಸರಿಗಿಂತ ಸ್ವಲ್ಪ ಹೆಚ್ಚು ಜಂಬವೂ ಇದೆ.

ಮನೆಯಲ್ಲಿ ಮಮ್ಮಿಯ ಷರತ್ತು ಒಂದೇ.

“ಎಲ್ಲ ಸ್ಟೇಷನ್ನಿನವರೂ ಹೌದು ಅಂತ ಬರೆಯಲಿ, ನೀನೊಬ್ಬಳೇ ಹೋಗು. ಒಂದು ಸ್ಟೇಷನ್ ಇಲ್ಲ ಅಂದ್ರೂ ವಿಲ್ಫಿ ಒಟ್ಟಿಗೆ ಬರ್ತಾನೆ.”

ವಿಲ್ಫಿ ನನ್ನ ದೊಡ್ಡಮ್ಮನ ಮಗ. ಪ್ರೀತಿಯ ಮನುಷ್ಯ. ಆದರೆ ಕೇಳದೆ ಹಿಂದಿನಿಂದ ಕುರ್ಚಿ ತಳ್ಳುತ್ತಾನೆ. ಫಹಾಹೀಲ್‌ನ ಹೋಟೆಲಿನಲ್ಲಿ ಮಾಣಿ ನನ್ನ ತಲೆಯ ಮೇಲಿಂದ ಅವನನ್ನು ನೋಡಿ ಇವರಿಗೇನು ಬೇಕೆಂದು ಕೇಳಿದರೆ, ಅವನು ನನ್ನನ್ನು ಕೇಳದೆಯೇ ಮೀನಿನ ಊಟ ಹೇಳಿಬಿಡುತ್ತಾನೆ. ನನಗೆ ಇಪ್ಪತ್ತೇಳು ವರ್ಷ. ಇದುವರೆಗೆ ಒಂದು ದಿನವೂ ಒಬ್ಬಳೇ ದಾರಿ ತಪ್ಪಿದವಳಲ್ಲ. ಆ ಸುಖ ನನಗೆ ಬೇಕಿತ್ತು.

ನನ್ನ ಯೋಜನೆಯ ಕಿರೀಟವೆಂದರೆ ಜೂನ್ ಹದಿನಾಲ್ಕು. ಒಂದೇ ದಿನ ಮೂರು ರೈಲು, ಬೆಟ್ಟಗಳ ನಡುವಿನ ಮೂರು ಪುಟ್ಟ ಸ್ಟೇಷನ್. ‘ವಾರದ ಮೊದಲ ದಿನ, ಸಿಬ್ಬಂದಿ ರಜೆ ಮುಗಿಸಿ ಹುರುಪಿನಲ್ಲಿರುತ್ತಾರೆ’ ಎಂದು ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆದಿದ್ದೆ. ಹನ್ನೆರಡು, ಶುಕ್ರವಾರ. ಅದನ್ನು ಖಾಲಿ ಬಿಟ್ಟೆ. ರಜೆಯ ದಿನ ಪರದೇಶದವರಿಗೆ ತೊಂದರೆ ಕೊಡಬಾರದೆಂಬ ಸೌಜನ್ಯ ನನ್ನದು!

ದೊಡ್ಡ ಊರುಗಳ ಸ್ಟೇಷನ್ನುಗಳು ಎರಡೇ ದಿನದಲ್ಲಿ ಒಪ್ಪಿದವು. ಮೂರು ಪುಟ್ಟವು ಮಾತ್ರ ಒಂದೇ ಬಾಯಿಂದ ಹೇಳಿದಂತೆ ಉತ್ತರಿಸಿದವು: ವಿಷಾದಿಸುತ್ತೇವೆ, ಹದಿನಾಲ್ಕರಂದು ಸಹಾಯ ಸಾಧ್ಯವಿಲ್ಲ. ಕಾರಣ ಬರೆದಿರಲಿಲ್ಲ. ಕಾರಣ ಕೇಳಬಹುದಿತ್ತು. ಕೇಳುವುದು ಸಾಮಾನ್ಯರ ಕ್ರಮ. ನಾನು ಕುರ್ಚಿಯ ತೂಕ, ಎತ್ತರ, ನಾಲ್ಕು ದಿಕ್ಕಿನ ಫೋಟೊ, ಮತ್ತು ಅದು ಎರಡಾಗಿ ಮಡಚಿಕೊಳ್ಳುತ್ತದೆ ಎಂಬ ಪ್ರಮಾಣಪೂರ್ವಕ ಹೇಳಿಕೆ ಕಳಿಸಿದೆ. ಅದೇ ಉತ್ತರ ಬಂತು. ಅರ್ಧ ಗಂಟೆ ಬೇಗ ಬರುತ್ತೇನೆಂದೆ. ಅದೇ ಉತ್ತರ. ಯಾರ ಬೆನ್ನಿಗೂ ಭಾರವಾಗದಂತೆ ನಾನೇ ಒಂದು ಹಲಗೆ ತರಲೇ ಎಂದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಆಗ ನಾನು ಸಮರ ಸಾರಿದೆ. ದೂರು ಎರಡು ಪುಟ. “ಅಂಗವಿಕಲ ಪ್ರಯಾಣಿಕಳೊಬ್ಬಳನ್ನು ಬೆಟ್ಟದ ಬುಡದಲ್ಲಿ ಕೈಬಿಡುವ ತಮ್ಮ ಸಾಮೂಹಿಕ ನಿರ್ಧಾರವನ್ನು ಗಾಢ ವಿಷಾದದಿಂದ ದಾಖಲಿಸುತ್ತಿದ್ದೇನೆ” ಎಂದು ಅದರ ಆರಂಭ. ಮುಂದೆ ಇನ್ನೂ ಬಿಸಿಯಾಗುತ್ತದೆ. ಕೊನೆಗೆ ಸಂಪೂರ್ಣ ಕೋಷ್ಟಕವನ್ನು ಲಗತ್ತಿಸಿ, ಮೂರೂ ಸ್ಟೇಷನ್ನುಗಳಿಗೆ ಮತ್ತು ಅವುಗಳ ಮೇಲಿನ ಕಚೇರಿಗೆ ಕಳಿಸಿದೆ.

ಪ್ರತಿಯನ್ನು ಡ್ಯಾಡಿಗೆ ತೋರಿಸಿದ್ದು ಎರಡನೆಯ ತಪ್ಪು. ಮಗಳ ಇಂಗ್ಲಿಷ್ ನೋಡಿ ಅವರ ಎದೆ ಉಬ್ಬಿತು. ಅವರು ಅದನ್ನು ಪಕ್ಕದ ಫ್ಲ್ಯಾಟಿನ ರಾಬರ್ಟ್ ಅಂಕಲ್‌ಗೆ ಕಳಿಸಿದರು. ರಾಬರ್ಟ್ ಅಂಕಲ್ ರಿಫೈನರಿಯ ಬಸ್ಸಿನಲ್ಲಿ ಕೂತು ಅದನ್ನು ನಮ್ಮ ಇಗರ್ಜಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಬಸ್ಸು ಪ್ಲಾಂಟ್ ಮುಟ್ಟುವಷ್ಟರಲ್ಲಿ ಇನ್ನೂರು ಮಂದಿ ನನ್ನ ಕುರ್ಚಿಯ ತೂಕ ತಿಳಿದುಕೊಂಡಿದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಇಗರ್ಜಿಯಲ್ಲಿ ಕಂಬದ ಹಿಂದೆ ಕೂರುವವಳು ನಾನು. ಆ ಶುಕ್ರವಾರದ ಬಲಿಪೂಜೆಯಲ್ಲಿ ಯುರೋಪಿನ ರೈಲ್ವೆ ಅಧಿಕಾರಿಗಳ ಕಠಿಣ ಹೃದಯ ಕರಗಲಿ ಎಂದು ಪ್ರಾರ್ಥನೆಯಾಯಿತು. ಎಲ್ಲರೂ ಕಂಬದ ಕಡೆ ತಿರುಗಿ ನೋಡಿದರು.

ಅಂದೇ ಸಂಜೆ ವಿಲ್ಫಿ ಎರಡು ಜಾಕೆಟ್ ಕೊಂಡು ತಂದ, ಒಂದು ಅವನಿಗೆ, ಒಂದು ನನಗೆ. ನನ್ನದು ಕಡು ಗುಲಾಬಿ. ಬಣ್ಣ ಕೇಳಿರಲಿಲ್ಲ. “ಬೆಟ್ಟದಲ್ಲಿ ಚಳಿ ಉಂಟಂತೆ, ಯಲ್ಲಾ, ನಡಿ, ತಯಾರಾಗು” ಎಂದ. ಅವನ ವೀಸಾವೂ ಆಗಲೇ ಕೈಯಲ್ಲಿತ್ತು. ಏಳು ದಿನವೂ ಮೀನಿನ ಊಟ ಎಂದು ನನಗೆ ಖಚಿತವಾಯಿತು.

ಮುಂದಿನ ಗುರುವಾರ, ಮಧ್ಯದ ಸ್ಟೇಷನ್ನಿನ ಬ್ರಿಗಿಟ್ಟೆ ಎಂಬ ಮಹಿಳೆಯ ಪತ್ರ ಬಂತು.

“ನಿಮ್ಮ ಎರಡು ಪುಟಗಳನ್ನು ನಾವೆಲ್ಲ ಒಟ್ಟಿಗೆ ಕೂತು ಓದಿದೆವು. ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ. ಹದಿನಾಲ್ಕು ಭಾನುವಾರ. ಭಾನುವಾರ ನಮ್ಮ ಮೂರೂ ಸ್ಟೇಷನ್ನುಗಳಲ್ಲಿ ಯಾರೂ ಇರುವುದಿಲ್ಲ. ನಡೆಯುವವರಿಗೂ ಇರುವುದಿಲ್ಲ. ನಿಮ್ಮ ಕೋಷ್ಟಕದಲ್ಲಿ ಶುಕ್ರವಾರ ಏಕೆ ಖಾಲಿ ಇದೆಯೆಂದು ನಮಗೆ ಅರ್ಥವಾಗಲಿಲ್ಲ. ಅಂದು ಬನ್ನಿ. ಇವೇ ಮೂರು ರೈಲುಗಳು ಅಂದೂ ಓಡುತ್ತವೆ. ಮೂರೂ ಕಡೆ ಮಾತಾಡಿದ್ದೇನೆ, ಹಲಗೆ ಸಿದ್ಧವಿರುತ್ತದೆ.”

ಭಾನುವಾರ ಲೋಕಕ್ಕೆ ರಜೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭೂಮಿ ಗುಂಡಗಿದೆ ಎಂಬುದು ಗೊತ್ತಿರುವ ಹಾಗೆ ಗೊತ್ತಿತ್ತು. ಆದರೆ ನಾನು ಕುವೈತಿನಲ್ಲಿ ಹುಟ್ಟಿದವಳು. ಇಲ್ಲಿ ಶುಕ್ರ, ಶನಿ ರಜೆ. ಭಾನುವಾರ ಬೆಳಿಗ್ಗೆ ಶಾಲೆ, ಭಾನುವಾರ ಬೆಳಿಗ್ಗೆ ಕಚೇರಿ. ಕಥೊಲಿಕರಾದ ನಾವು ಭಾನುವಾರದ ಪೂಜೆಯನ್ನೂ ಶುಕ್ರವಾರವೇ ಮುಗಿಸುತ್ತೇವೆ. ದೇವರೇ ಹೊಂದಿಕೊಂಡ ಮೇಲೆ ರೈಲ್ವೆ ಹೊಂದಿಕೊಳ್ಳದೇ ಎಂದು ನನ್ನ ಮನಸ್ಸು ನನಗೂ ಹೇಳದೆ ತೀರ್ಮಾನಿಸಿಬಿಟ್ಟಿತ್ತು.

ಫೋನನ್ನು ಮಮ್ಮಿಯ ಕೈಗೆ ಕೊಟ್ಟೆ. ಅವರು ನಿಧಾನವಾಗಿ ಎರಡು ಸಲ ಓದಿದರು.

“ಅಂದ್ರೆ ಮೂರೂ ಸ್ಟೇಷನ್ನಿನವರು ಹೌದು ಹೇಳಿದ್ರಾ?”

“ಹೌದು.”

“ತಪ್ಪು ನಿನ್ನದಾ?”

“ಪೂರ್ತಿ ನನ್ನದೇ.”

ಮಮ್ಮಿ ಕನ್ನಡಕ ತೆಗೆದರು. “ನಾನು ಓದಿದ್ದೆ, ಡ್ಯಾಡಿ ಓದಿದ್ರು, ಇಗರ್ಜಿಯ ಇನ್ನೂರು ಜನ ಓದಿದ್ರು. ಒಬ್ಬರಿಗೂ ಗೊತ್ತಾಗ್ಲಿಲ್ಲ. ವಿಲ್ಫಿ ಬಂದ್ರೂ ಅವನಿಗೆ ಎಂತ ಗೊತ್ತಾಗ್ತದೆ? ನೀನೊಬ್ಬಳೇ ಹೋಗು ಬಾಯೆ, ಹೋಗು ಮಗಳೇ.”

ನನ್ನ ತರ್ಕಗಳೆಲ್ಲ ಸೋತಲ್ಲಿ ನನ್ನ ದಡ್ಡತನ ಗೆದ್ದಿತ್ತು. ನಾನು ಆ ಗೆಲುವನ್ನು ಗಂಭೀರವಾಗಿ ಸ್ವೀಕರಿಸಿದೆ. ಆದರೆ ಅಷ್ಟರಲ್ಲಿ ಡ್ಯಾಡಿ ಗುಂಪಿಗೆ ‘ಯುರೋಪ್ ಶರಣಾಯಿತು’ ಎಂದು ಹಾಕಿಯಾಗಿತ್ತು. ಕಾರಣ ಬರೆದಿರಲಿಲ್ಲ. ಕಾರಣ ಬರೆಯದಿರುವುದು ನಮ್ಮ ಮನೆಗೂ ಹತ್ತಿತ್ತು.

ಮರುದಿನ ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ರಾಬರ್ಟ್ ಅಂಕಲ್ ಮೈಕ್ ಹಿಡಿದು ಕಂಬದ ಹಿಂದೆ ಬಂದರು, ಹೋರಾಟದ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಸುಮ್ಮನೆ ನಕ್ಕಿದ್ದರೆ ವೀರವನಿತೆಯಾಗಿ ಮನೆಗೆ ಬರಬಹುದಿತ್ತು. ನಾನು ಮೈಕ್ ತೆಗೆದುಕೊಂಡು, ಯುರೋಪಿನವರ ಹೃದಯ ಮೊದಲಿನಿಂದಲೂ ಮೆತ್ತಗೇ ಇತ್ತು, ಅವರು ಭಾನುವಾರ ರಜೆ ಮಾಡುತ್ತಾರೆ, ಅಷ್ಟೇ, ಎಂದೆ. ಮೊದಲು ನಕ್ಕವರು ಪಾದ್ರಿಗಳು. ಆಮೇಲೆ ಇಗರ್ಜಿಯ ಛಾವಣಿ ಉಳಿದದ್ದೇ ಹೆಚ್ಚು.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಪ್ರಯಾಣಿಕರ ಸಂಖ್ಯೆ: ಒಂದು. ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡುತ್ತ ಕೂತೆ. ಆಮೇಲೆ ಪಾಸ್ ಕೊಳ್ಳುವ ಗುಂಡಿ ಒತ್ತುವ ಮೊದಲು, ಬೇರೆಯವರ ವೇಳಾಪಟ್ಟಿಯಲ್ಲಿ ತಪ್ಪು ಹುಡುಕುವ ನಾನು, ಅಡುಗೆಮನೆಯಿಂದ ಮಮ್ಮಿಯನ್ನು ಕರೆದು, ಹನ್ನೆರಡನೇ ತಾರೀಕು ಯಾವ ವಾರವೆಂದು ಗಟ್ಟಿಯಾಗಿ ಓದಿಸಿದೆ. ಎರಡು ಸಲ.