ಮುಖ ತಿರುಗಿಸುವ ಹೀಟ್ ಪ್ರೆಸ್ ಮಷಿನ್ ಮನೆಗೆ ತರುವ ಬಗ್ಗೆ

ಸಂಖ್ಯೆ: ಮನೆ/ಬಿಸಿ/07/2025-26
ಸ್ಥಳ: ಅತ್ತಿಗುಪ್ಪೆ, ಎರಡನೇ ಮಹಡಿ
ದಿನಾಂಕ: ಈ ತಿಂಗಳ 19, ಬುಧವಾರ

ಸುತ್ತೋಲೆ

ವಿಷಯ: ಆಟದ ಅಂಗಿಗಳ ಮೇಲೆ ನಂಬರು ಅಚ್ಚೊತ್ತಲು ಹೊಸಬರಿಗೆ ತಕ್ಕ ಹೀಟ್ ಪ್ರೆಸ್ ಮಷಿನ್ ಆಯ್ಕೆ ಮಾಡುವ ಕುರಿತು.

ಉಲ್ಲೇಖ:
1) ಶ್ರೀಮತಿ ಶಶಿಕಲಾ ಅವರ ಮೌಖಿಕ ಮನವಿ, ರೊಟ್ಟಿ ತಟ್ಟುವಾಗ.
2) ಅದೇ ಮನವಿ, ಬಟ್ಟೆ ಒಣಹಾಕುವಾಗ.
3) ಅದೇ ಮನವಿ, ಟಿವಿ ಸದ್ದಿನಲ್ಲಿ ಕೇಳಿಸಿರುವುದಿಲ್ಲ.

ಪ್ರಸ್ತಾವನೆ:

ಖೋಖೋ ಅಂಗಿಯ ಬೆನ್ನಿನ ಮೇಲೆ ಅಂಟುಹಾಳೆಯಲ್ಲಿ ಕತ್ತರಿಸಿದ ‘7’ ಇಟ್ಟು, ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಮೈಭಾರ ಹಾಕಿ ಒತ್ತಿ, ಶಶಿಕಲಾ ಅವರು ಹನ್ನೊಂದರವರೆಗೆ ಎಣಿಸಿದ್ದರು. ಹದಿನೈದಕ್ಕೆ ಇನ್ನು ನಾಲ್ಕು ಬಾಕಿ ಇರುವಾಗ ಅತ್ತೆ ಶಿವಕ್ಕನವರು ಬಿ.ಪಿ. ಮಾತ್ರೆ ಕೇಳಿದರು. ಕೊಟ್ಟು ಬಂದು ಪುನಃ ಒಂದರಿಂದ ಎಣಿಸತೊಡಗಿದಾಗ, ಆರನೆಯ ಎಣಿಕೆಗೆ ಪತಿ ಶ್ರೀ ಕೊಟ್ರೇಶ್ ಅವರು ನೀಲಿ ಟವೆಲ್ ಕೇಳಿದರು. ಪರಿಣಾಮವಾಗಿ 7ರ ತಲೆಯ ಅಡ್ಡಗೆರೆ ಸರಿಯಾಗಿ ಅಂಟಿರುವುದಿಲ್ಲ. ಪಂದ್ಯದ ದಿನ ಅದು ಉದುರಿ, ಬಸವೇಶ್ವರನಗರದ ಶಾಲೆಯೊಂದರ ಹುಡುಗಿಯರ ತಂಡದಲ್ಲಿ ಒಂದನೇ ನಂಬರಿನವರು ಇಬ್ಬರು ಕಂಡುಬಂದಿದ್ದು, ಅವರಲ್ಲಿ ಔಟಾದವರು ಯಾರೆಂಬುದು ಈವರೆಗೆ ಇತ್ಯರ್ಥವಾಗಿರುವುದಿಲ್ಲ.

ಸದರಿ ಶಾಲೆಯ ಪಿ.ಟಿ. ಟೀಚರ್ ಕುಮಾರಿ ರಮ್ಯ ಅವರು ಮನೆಬಾಗಿಲಿಗೇ ಬಂದು ಹೀಗೆ ತಿಳಿಸಿರುತ್ತಾರೆ: “ಇಪ್ಪತ್ತೆಂಟನೇ ತಾರೀಕಿಗೆ ಹನ್ನೆರಡು ಅಂಗಿ ಬೇಕು ಆಂಟಿ. ಈ ಸಲಾನೂ ನಂಬರ್ ಉದುರಿದ್ರೆ ಬೇರೆಯವ್ರ ಹತ್ರ ಹೋಗ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡಿ.” ಬೇಜಾರು ಮಾಡಿಕೊಳ್ಳಲು ಸಮಯವಿಲ್ಲದ್ದರಿಂದ ಶಶಿಕಲಾ ಅವರು ತಮ್ಮದೇ ಚೀಟಿ ಹಣದಲ್ಲಿ ಮಷಿನ್ ಕೊಳ್ಳುವ ಇಚ್ಛೆ ವ್ಯಕ್ತಪಡಿಸಿದ್ದು, ವಿಷಯವು ಗಂಭೀರವಾಗಿರುವುದರಿಂದ ಅವರ ಕೈಯಿಂದ ತೆಗೆದು ಸಮಿತಿಗೆ ವಹಿಸಲಾಗಿದೆ. ಅದರಂತೆ ಈ ಮೂಲಕ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಮಷಿನ್ ಬಳಸುವವರೇ ಅದನ್ನು ಆರಿಸಿದಲ್ಲಿ ಪಕ್ಷಪಾತಕ್ಕೆ ಎಡೆಯಾಗುವ ಸಂಭವವಿದೆ. ಆದ್ದರಿಂದ ಅದನ್ನು ಎಂದೂ ಮುಟ್ಟದ ಮೂವರ ಸಮಿತಿ ರಚಿಸಲಾಗಿದೆ. ಕೊಟ್ರೇಶ್ ಅವರು ಅಧ್ಯಕ್ಷರು, ಶಿವಕ್ಕನವರು ಸದಸ್ಯರು. ಕೆಂಗೇರಿಯಲ್ಲಿರುವ ಮೈದುನ ಶ್ರೀ ಚನ್ನವೀರೇಶ್ ಅವರು ಫೋನ್ ಮೂಲಕ ಸದಸ್ಯರು. ಶಶಿಕಲಾ ಅವರನ್ನು ಚಹಾದ ಮಟ್ಟಿಗೆ ವಿಶೇಷ ಆಹ್ವಾನಿತರೆಂದು ಪರಿಗಣಿಸಲಾಗಿದೆ.

2. ಮಷಿನ್ನಿನಲ್ಲಿ ಎರಡು ಬಗೆ. ಒಂದು, ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ಬಾಯಿ ತೆರೆಯುವಂಥದು. ಇದು ಕಡಿಮೆ ಜಾಗ ಹಿಡಿಯುತ್ತದೆ. ಆದರೆ ಅಂಗಿ ಸರಿಪಡಿಸುವಾಗ ಬಿಸಿ ಹಲಗೆ ಕೈಯ ಮೇಲೆಯೇ ಇರುವ ಕಾರಣ ಅಧ್ಯಕ್ಷರು ತಿರಸ್ಕರಿಸಿರುತ್ತಾರೆ. ಇನ್ನೊಂದು, ಬಿಸಿ ಹಲಗೆ ಪಕ್ಕಕ್ಕೆ ತಿರುಗಿ ನಿಲ್ಲುವಂಥದು. ಇದರ ಬಗ್ಗೆ ಶಿವಕ್ಕನವರ ಆಕ್ಷೇಪಣೆಯನ್ನು ಅವರದೇ ಮಾತಿನಲ್ಲಿ ದಾಖಲಿಸಲಾಗಿದೆ: “ದೊಡ್ಡೋರು ಮುಂದ ನಿಂತಾಗ ಮಾರಿ ತಿರುವೋ ಸಾಮಾನು ಈ ಮನಿಗೆ ಬ್ಯಾಡ.” ಶಶಿಕಲಾ ಅವರು ಈ ಸಂದರ್ಭದಲ್ಲಿ ಏನನ್ನೋ ಅಂದುಕೊಂಡಿದ್ದು, ಸದರಿ ಅನಿಸಿಕೆಯು ಲಿಖಿತ ರೂಪದಲ್ಲಿ ಇಲ್ಲದ ಕಾರಣ ಪರಿಗಣಿಸಲಾಗಿಲ್ಲ.

3. ಅಳತೆ: ಹದಿನೈದು ಇಂಚು ಉದ್ದ, ಅಷ್ಟೇ ಅಗಲ ಇದ್ದರೆ ಅಂಗಿಯ ಬೆನ್ನಿಗೆ ಸಾಕು. ಚನ್ನವೀರೇಶ್ ಅವರು “ದೊಡ್ಡದೇ ತಗೊಳ್ಳಿ ಅತ್ತಿಗೆ, ಮುಂದೆ ಬ್ಯಾನರ್‌ಗೂ ಆಗತ್ತೆ” ಎಂದು ಶಿಫಾರಸು ಮಾಡಿದ್ದಾರೆ. ಅವರು ಮಷಿನ್ ನೋಡಿರುವುದಿಲ್ಲ; ಅವರ ಸ್ನೇಹಿತರೊಬ್ಬರು ನೋಡಿರುತ್ತಾರೆ.

4. ಮಷಿನ್ನಿಗೆ ಗೀಸರಿನಷ್ಟೇ ದೊಡ್ಡ ಪ್ಲಗ್ ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುವುದರಿಂದ, ಅಧ್ಯಕ್ಷರ ಸ್ನಾನದ ಹೊತ್ತಿನಲ್ಲಿ, ಸ್ನಾನದ ಯೋಚನೆಯ ಹೊತ್ತಿನಲ್ಲಿ, ಹಾಗೂ ಈ ದಿನ ಸ್ನಾನವಿಲ್ಲ ಎಂಬ ಭಾನುವಾರದ ತೀರ್ಮಾನವು ಬದಲಾಗಬಹುದಾದ ಅವಧಿಯಲ್ಲಿ ಮಷಿನ್ ಹಾಕತಕ್ಕದ್ದಲ್ಲ.

5. ಶಾಖ: ಹತ್ತಿಬಟ್ಟೆ ತಾಳುವ ಬಿಸಿಯನ್ನು ಆಟದ ಅಂಗಿಯ ಪಾಲಿಯೆಸ್ಟರ್ ತಾಳುವುದಿಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಶಶಿಕಲಾ ಅವರು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುವುದು ಕಂಡುಬಂದಿದೆ. ಬರವಣಿಗೆ ಪೆನ್ಸಿಲಿನಲ್ಲಿ ಇರುವುದರಿಂದ ಅದು ದಾಖಲೆಯಾಗುವುದಿಲ್ಲ.

6. ಪ್ರಾತ್ಯಕ್ಷಿಕೆ: ಬಿನ್ನಿಪೇಟೆಯ ವ್ಯಾಪಾರಿ ಶ್ರೀ ಕಾಂತರಾಜು ಅವರು ಪಕ್ಕಕ್ಕೆ ತಿರುಗುವ ಮಷಿನ್ನೊಂದನ್ನು ಆಟೋದಲ್ಲಿ ಮನೆಗೇ ತಂದಿದ್ದರು. ಹೊಸ ಕಬ್ಬಿಣ ಪೂಜೆಯಿಲ್ಲದೆ ಬಿಸಿಯಾಗಬಾರದೆಂದು ಶಿವಕ್ಕನವರು ಹಲಗೆಯ ಅಡಿಮೈಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಅಧ್ಯಕ್ಷರು ಅದೇ ಹಲಗೆಯ ಕೆಳಗೆ ತಮ್ಮ ಕಪ್ಪು ಟೀ ಶರ್ಟ್ ಇರಿಸಿದರು; ವ್ಯಾಪಾರಿ ಹಿಡಿಕೆ ಎಳೆದರು. ಎದೆಯ ಮೇಲೆ ಮೂರು ಬಿಳಿ ಪಟ್ಟೆಗಳು ಸ್ಪಷ್ಟವಾಗಿ ಮೂಡಿದವು. ಇದು ದೊಡ್ಡ ಶೂ ಕಂಪನಿಯೊಂದರ ಗುರುತಿನಂತೆಯೇ ಇದೆ, ಕೇಸು ಹಾಕಿಯಾರು ಎಂದು ಮಗಳು ವಚನಾ ಎಚ್ಚರಿಸಿದಾಗ, ಶಿವಕ್ಕನವರು, “ಅವ್ರಿಗಿಂತ ಮೊದ್ಲ ನಮ್ಮ ಹಣಿ ಮ್ಯಾಲಿದ್ವು” ಎಂದು ಉತ್ತರಿಸಿ ಪ್ರಕರಣವನ್ನು ಮುಕ್ತಾಯಗೊಳಿಸಿರುತ್ತಾರೆ.

7. ನಂತರ ಕಾಂತರಾಜು ಅವರು ಮಷಿನ್ ಒತ್ತುವವರು ಯಾರೆಂದು ಕೇಳಲಾಗಿ, ಸಮಿತಿಯು ಒಮ್ಮತದಿಂದ ಅಡುಗೆಮನೆಯತ್ತ ಕೈ ತೋರಿಸಿತು. “ಒತ್ತೋರು ಒಂದ್ಸಲ ಒತ್ತಿ ನೋಡ್ಲಿ ಸಾರ್. ನಿಂತ್ಕೊಂಡು ನೋಡೋರಿಗೆ ಎಲ್ಲಾ ಮಷಿನ್ನೂ ಒಂದೇ” ಎಂದು ಅವರು ಅಭಿಪ್ರಾಯಪಟ್ಟರು. ಶಶಿಕಲಾ ಅವರು ಕೈ ಒರೆಸಿಕೊಂಡು ಬಂದು, ಹಲಗೆಯನ್ನೂ ಒರೆಸಿ, ಅಂಗಿ ಹಾಸಿ, ‘7’ ಇಟ್ಟು, ಹಿಡಿಕೆ ಎಳೆದರು. ಎಣಿಸುವ ಕೆಲಸವನ್ನು ಮಷಿನ್ನೇ ವಹಿಸಿಕೊಂಡಿತು. ಹದಿನೈದು ಸೆಕೆಂಡು ಯಾರೂ ಅವರನ್ನು ಕರೆಯಲಿಲ್ಲ. ಎಲ್ಲರೂ ಮಷಿನ್ ನೋಡುತ್ತಿದ್ದರು. ಮದುವೆಯಾದ ಇಪ್ಪತ್ತೊಂದು ವರ್ಷಗಳ ಕಡತಗಳನ್ನು ಪರಿಶೀಲಿಸಲಾಗಿ, ಇಂಥ ಅವಧಿ ಇದಕ್ಕೂ ಮೊದಲು ಕಂಡುಬಂದಿರುವುದಿಲ್ಲ. ಮಷಿನ್ ಕೂಗಿದಾಗ ಹಲಗೆಯನ್ನು ತಿರುಗಿಸಿ ನಿಲ್ಲಿಸಿ, ಅವರು 7ರ ಅಡ್ಡಗೆರೆಯನ್ನು ಉಗುರಿನಿಂದ ಎಬ್ಬಿಸಲು ಯತ್ನಿಸಿದರು. ಏಳಲಿಲ್ಲ. ಉಗುರು ಮುರಿದಿರುತ್ತದೆ.

8. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಸಮಿತಿಯು, ಚನ್ನವೀರೇಶ್ ಅವರ ಸ್ನೇಹಿತರು ಊರಿನಿಂದ ಬಂದ ಮೇಲೆ, ಅಂದರೆ ಬರುವ ತಿಂಗಳ ಎರಡನೇ ವಾರದಲ್ಲಿ, ಪುನಃ ಸೇರತಕ್ಕದ್ದು. ಅಲ್ಲಿಯವರೆಗೆ ಯಾವುದೇ ಮಷಿನ್ ಖರೀದಿಸತಕ್ಕದ್ದಲ್ಲ. ಇಪ್ಪತ್ತೆಂಟನೇ ತಾರೀಕು ಸಮಿತಿಯ ಗಮನಕ್ಕೆ ಬಂದಿದ್ದು, ತಾರೀಕನ್ನು ಮುಂದೂಡುವಂತೆ ಶಾಲೆಯನ್ನು ಕೋರಲು ಶಶಿಕಲಾ ಅವರಿಗೇ ಸೂಚಿಸಲಾಗಿದೆ.

ಸಹಿ/-
(ಕೊಟ್ರೇಶ್)
ಅಧ್ಯಕ್ಷರು, ಯಂತ್ರ ಆಯ್ಕೆ ಸಮಿತಿ

ಪ್ರತಿಗಳು:
1. ಶಿವಕ್ಕನವರಿಗೆ, ಓದಿ ಹೇಳಲು ವಚನಾ ಮುಖಾಂತರ.
2. ಚನ್ನವೀರೇಶ್ ಅವರಿಗೆ ವಾಟ್ಸಾಪ್ ಮೂಲಕ. ಹೆಬ್ಬೆರಳಿನ ಗುರುತು ಸ್ವೀಕರಿಸಲಾಗಿದೆ.
3. ಫ್ರಿಜ್ಜಿನ ಬಾಗಿಲಿಗೆ.
4. ಶ್ರೀಮತಿ ಶಶಿಕಲಾ ಅವರಿಗೆ, ಮಾಹಿತಿಗಾಗಿ ಮತ್ತು ಪಾಲನೆಗಾಗಿ. ಓದಿ ಸಹಿ ಹಾಕಿರುತ್ತಾರೆ. ಸಹಿ ಹಾಕುವಾಗ, ನಾಳೆ ಗುರುವಾರ ಎಲ್ಲರೂ ಹೊರಟ ಮೇಲೆ ಬಿನ್ನಿಪೇಟೆಗೆ ಹೋಗಿ ಅದೇ ಮಷಿನ್ ತರುವುದೆಂದೂ, ಅದನ್ನು ಹಿಂದಿನ ಸಣ್ಣ ಕೋಣೆಯಲ್ಲಿ ಇಡುವುದೆಂದೂ, ಒತ್ತುವ ಹೊತ್ತಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳುವುದೆಂದೂ ತೀರ್ಮಾನಿಸಿದ್ದು, ಸದರಿ ತೀರ್ಮಾನವನ್ನು ಯಾರಿಗೂ ತಿಳಿಸಿರುವುದಿಲ್ಲ. ಈ ಕಚೇರಿಗೂ ತಿಳಿಸಿರುವುದಿಲ್ಲ.