ಸಕ್ಕರಿ ಮಾಸ್ತರರ ಜರ್ಮನ್ ಬಳಗ

ಅಂದಾನೆಪ್ಪ ಸಕ್ಕರಿ ಮಾಸ್ತರರಿಗೆ ಜಗತ್ತಿನ ಯಾವ ಅವಮಾನವನ್ನಾದರೂ ನುಂಗುವ ಶಕ್ತಿಯಿತ್ತು, ತಮ್ಮ ಅಡ್ಡಹೆಸರಿನ ಅವಮಾನವೊಂದನ್ನು ಬಿಟ್ಟು. ಜಮಖಂಡಿಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು ಅವರು. ಪಾಣಿಪತ್ತಿನ ಮೂರೂ ಯುದ್ಧಗಳನ್ನು ನಿದ್ದೆಗಣ್ಣಿನಲ್ಲಿ ನಡೆಸಿಕೊಡಬಲ್ಲವರು. ಆದರೆ ಹೆಂಡತಿ ಕಸ್ತೂರೆವ್ವನ ತವರು, ಗಲಗಲಿಯ ದೇಸಾಯರ ವಾಡೆಯ ಹೊಸ್ತಿಲು ದಾಟಿದರೆ ಮಾತ್ರ ಯುದ್ಧಕ್ಕೆ ಮೊದಲೇ ಸೋಲುತ್ತಿದ್ದರು. ಶತ್ರುವಿನ ಹೆಸರು ಗುರುಸಿದ್ದ; ಹೆಂಡತಿಯ ಖಾಸಾ ತಮ್ಮ.

"ಮಾಮಾ, ನಮ್ಮದು ದೇಸಗತಿ ಮನೆತನ. ನಿಮ್ಮ ಮುತ್ಯಾ ಸಂತ್ಯಾಗ ಸಕ್ಕರಿ ಗೊಂಬಿ ಮಾರತಿದ್ದ. ಆದ್ರೂ ಅಕ್ಕನ್ನ ಕೊಟ್ಟೇವಿ ನೋಡ್ರಿ!" ಎಂದು ಅವನು ಪ್ರತಿ ಹಬ್ಬಕ್ಕೂ ತಪ್ಪದೆ ಹೇಳುತ್ತಿದ್ದ. (ಮಾಸ್ತರರಿಗೆ ಐದು ವರ್ಷದಿಂದ ಸಕ್ಕರೆ ಕಾಯಿಲೆ ಬೇರೆ. 'ಹೆಸರು ಸಕ್ಕರಿ, ರಕ್ತಾನೂ ಸಕ್ಕರಿ, ನಾಲಿಗಿ ಅಷ್ಟ ಹಾಗಲಕಾಯಿ' ಎಂಬುದು ಕಸ್ತೂರೆವ್ವನ ಸ್ವಂತ ಸಂಶೋಧನೆ.)

ಹೀಗಿರುವಾಗ ಒಂದು ಮುಂಜಾನೆ ಪಕ್ಕದ ಮನೆಯ ಸಂಜಯ ಗೋಡೆಯಾಚೆಯಿಂದ ಕೂಗಿದ. ಅವನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟು.

"ಸರ್, ನಮ್ಮ ಕಾರ್ಖಾನಿಗೆ ಹೊಸ ಮಷಿನ್ ಕೂಡಸಾಕ ಜರ್ಮನಿಯಿಂದ ಒಬ್ಬಾಕಿ ಎಂಜಿನಿಯರ್ ಬಂದಾಳ್ರಿ. ಎಲ್ಕೆ ಅಂತ ಹೆಸರು. ಅಡ್ಡಹೆಸರು ತ್ಸುಕರ್. ಹಂಗಂದ್ರ ಅವರ ಭಾಷಾದಾಗ ಏನ್ ಗೊತ್ತೇನ್ರಿ? ಸಕ್ಕರಿ!"

ಮಾಸ್ತರರು ಚಹಾದ ಕಪ್ಪನ್ನು ಅಲ್ಲೇ ಬಿಟ್ಟು ಗೋಡೆಯ ಹತ್ತಿರ ಓಡಿದರು. ಸಮುದ್ರದಾಚೆ ಒಂದು ಸಕ್ಕರಿ ಮನೆತನ! ಅದೂ ಎಂಜಿನಿಯರು!

ಅಂದಿನಿಂದ ಹತ್ತು ದಿನ ಅವರು, ಆ ಮನೆತನ ತಮ್ಮದೇ ಎನ್ನಲು ದಿನಕ್ಕೊಂದು ಪುರಾವೆ ಹುಡುಕುತ್ತ, ಹಟ ಹಿಡಿದು ಕುಳಿತರು. ಗ್ರಂಥಾಲಯದಿಂದ ಹೊತ್ತು ತಂದ ಪುಸ್ತಕಗಳು ಅಡುಗೆಮನೆಯ ಕಟ್ಟೆಯವರೆಗೂ ದಂಡಯಾತ್ರೆ ಹೊರಟವು. ಸಂಸ್ಕೃತದ 'ಶರ್ಕರಾ' ಪಾರಸಿಗರ ಬಾಯಲ್ಲಿ 'ಶಕರ್' ಆಗಿ, ಅರಬರಲ್ಲಿ 'ಸುಕ್ಕರ್' ಆಗಿ, ಇಟಲಿ ದಾಟಿ ಜರ್ಮನಿಯಲ್ಲಿ 'ತ್ಸುಕರ್' ಆಯಿತೆಂದು ಪುಸ್ತಕಗಳು ಹೇಳಿದವು. ಅಷ್ಟಕ್ಕೇ ಪುಸ್ತಕಗಳು ನಿಂತವು, ಮಾಸ್ತರರು ನಿಲ್ಲಲಿಲ್ಲ. ಶಬ್ದ ತಾನೇ ಕಾಲೂರಿ ನಡೆದೀತೇ? ಅದನ್ನು ಹೊತ್ತು ನಡೆದ ಮನುಷ್ಯ ಇರಲೇಬೇಕು. ಆ ಮನುಷ್ಯ ಕಬ್ಬಿನ ಸೀಮೆಯವನೇ ಆಗಿರಬೇಕು. ಕಬ್ಬಿನ ಸೀಮೆಯೆಂದರೆ ಜಮಖಂಡಿಯೇ ಆಗಬೇಕು!

"ಜಮಖಂಡಿ, ಜರ್ಮನಿ. ಎರಡೂ ಜಕಾರದಿಂದ ಸುರು ಆಗ್ತಾವ, ನೋಡಿದೇನು?" ಎಂದರು ಹೆಂಡತಿಗೆ.

"ಜ್ವಾಳಾನೂ ಜಕಾರಾನ. ಅದನ್ನ ಬೀಸಿಕೊಂಡ ಬರ್ರಿ ಮೊದಲ," ಎಂದಳು ಕಸ್ತೂರೆವ್ವ. "ನನಗ ಗೊತ್ತಿರೋ ಜರ್ಮನಿ ಅಂದ್ರ ಹಾಲು ಕಾಸೋ ಜರ್ಮನ್ ಬೋಗಾಣಿ ಒಂದ."

ಮಾಸ್ತರರು ಹಿಟ್ಟಿನ ಗಿರಣಿಯ ಸರದಿಯಲ್ಲಿ ನಿಂತೇ ಹನ್ನೊಂದನೆಯ ಪುರಾವೆಯನ್ನು ಹೊಳೆಯಿಸಿಕೊಂಡರು. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ನಕ್ಷೆ ಬರೆದು, ಜಮಖಂಡಿಯಿಂದ ಜರ್ಮನಿಯವರೆಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ಬರುವ ರವಿವಾರ ಎಲ್ಕೆ ಬಾಯಿಗೆ ಊಟದ ಆಮಂತ್ರಣ ಹೋಯಿತು. ಸಾಕ್ಷಿಗಿರಲೆಂದು ಗುರುಸಿದ್ದನಿಗೂ, ಅತ್ತೆ ಲಗಮವ್ವನಿಗೂ ಹೋಯಿತು. (ಎಂಬತ್ತು ದಾಟಿದ ಲಗಮವ್ವನಿಗೆ ಕಿವಿ ಮಂದ. ಹತ್ತು ಮಾತಿನಲ್ಲಿ ಒಂದು ಕೇಳಿಸುತ್ತಿತ್ತು, ಆ ಒಂದನ್ನು ಮಾತ್ರ ಸಾಯುವವರೆಗೂ ಮರೆಯುತ್ತಿರಲಿಲ್ಲ.)

ರವಿವಾರ ಸಂಜಯನ ಜೊತೆ ಎಲ್ಕೆ ಬಂದಳು. ನಲವತ್ತರ ಆಸುಪಾಸಿನ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ, ಬಾಯಿತುಂಬ ನಗುವ ಹೆಂಗಸು. ಶೇಂಗಾ ಹೋಳಿಗೆಯನ್ನು ನಾಲ್ಕು ತಿಂದಳು. ಗುರೆಳ್ಳು ಚಟ್ನಿ ತಿಂದು ಕಣ್ಣೀರಿಟ್ಟಳು. ಮತ್ತೆ ಕೇಳಿ ಹಾಕಿಸಿಕೊಂಡಳು. ಊಟವಾದ ಮೇಲೆ ಮಾಸ್ತರರು ನಕ್ಷೆ ತೂಗುಹಾಕಿ, ರೊಟ್ಟಿ ತಟ್ಟುವ ಕೊಣಮಿಗೆಯ ಪಕ್ಕದಲ್ಲೇ ಉಪನ್ಯಾಸ ಪ್ರಾರಂಭಿಸಿದರು. ಸಂಜಯ ಒಂದೊಂದನ್ನೇ ಇಂಗ್ಲಿಷಿಗೆ ಇಳಿಸಿದ. ಹನ್ನೊಂದೂ ಪುರಾವೆ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು.

"ಆದ್ದರಿಂದ ತ್ಸುಕರ್ ಮತ್ತು ಸಕ್ಕರಿ ಎರಡಲ್ಲ, ಒಂದೇ ರಕ್ತ! ಮೂಲಸ್ಥಾನ ಜಮಖಂಡಿ! ಇದನ್ನು ಯಾವ ದೇಸಾಯಿಯೂ ಅಲ್ಲಗಳೆಯಲಾರ!" ಎಂದು ಗ್ರಂಥಸ್ಥ ಭಾಷೆಯಲ್ಲಿ ಘೋಷಿಸಿ, ಗುರುಸಿದ್ದನ ಕಡೆ ನೋಡಿದರು. ಗುರುಸಿದ್ದ ಎಲೆ ಅಡಿಕೆ ಜಗಿಯುವುದನ್ನೂ ಮರೆತಿದ್ದ.

ಎಲ್ಕೆ ಎದ್ದು ಬಂದು ಮಾಸ್ತರರ ಎರಡೂ ಕೈ ಹಿಡಿದು ಕುಲುಕಿದಳು. ಆಮೇಲೆ ಏನೋ ಉದ್ದಕ್ಕೆ ಹೇಳತೊಡಗಿದಳು. ಕೇಳುತ್ತ ಕೇಳುತ್ತ ಸಂಜಯನ ಮುಖ ಸಣ್ಣದಾಯಿತು.

"ಏನಂತಾರೋ?" ಎಂದರು ಮಾಸ್ತರರು.

"ಸರ್, ಅವರೂ ಆರು ವರ್ಷ ತಮ್ಮ ಅಡ್ಡಹೆಸರಿನ ಮೂಲ ಹುಡುಕ್ಯಾರಂತ. ಕೆಲವು ತ್ಸುಕರ್ ಮಂದಿಗೆ ಸಕ್ಕರಿಯಿಂದ ಹೆಸರು ಬಂದೈತಂತ, ಖರೆ. ಆದ್ರ ಇವರದು ಅದಲ್ಲಂತ್ರಿ. ಹಳೇ ಜರ್ಮನ್‌ದಾಗ ಹಂಗ ಕೇಳಸೋ ಇನ್ನೊಂದು ಶಬ್ದ ಐತಂತ. ಅದರ ಅರ್ಥ..."

"ಅರ್ಥ?"

"ಕಸಗೊಂಡು ಓಡಾಂವ. ದರೋಡಿಕೋರ."

ಸಂಜಯ ಉಳಿದದ್ದನ್ನೂ ನಿಧಾನಕ್ಕೆ ಇಳಿಸಿದ. ಆರುನೂರು ವರ್ಷದ ಹಿಂದೆ ಎಲ್ಕೆಯ ಮೂಲಪುರುಷ ಕಾಡಿನ ದಾರಿಯಲ್ಲಿ ವ್ಯಾಪಾರಿಗಳ ಗಂಟು ಕಸಿಯುತ್ತಿದ್ದನಂತೆ. ಅವನ ವಂಶ ನಾಲ್ಕು ಸೀಮೆ ದಾಟಿತಂತೆ. ಹೊಸ ಊರಿನ ಆಸೆಯಿಂದಲ್ಲ, ಬೆನ್ನತ್ತಿದ ಸಿಪಾಯಿಗಳ ದೆಸೆಯಿಂದ.

"ಏನಂದಳು ಆಕಿ?" ಎಂದಳು ಲಗಮವ್ವ.

ಗುರುಸಿದ್ದ ತಾಯಿಯ ಕಿವಿಗೆ ಬಾಯಿಟ್ಟು ಓಣಿಗೆಲ್ಲ ಕೇಳುವಂತೆ ಒದರಿದ: "ದರೋಡಿಕೋರರಂತಬೇ ಎವ್ವಾ! ಮಾಮಾರ ಬಳಗ!"

ಮಾಸ್ತರರು ಗಡಬಡಿಸಿ ಎದ್ದರು. "ಹಂಗಾದ್ರ ನಾವು ಬ್ಯಾರೆ, ಅವರು ಬ್ಯಾರೆ! ಸಂಜಯ, ಹೇಳಿಬಿಡೋ ಆಕಿಗೆ, ಬರೇ ಉಚ್ಚಾರದ ಹೋಲಿಕಿ ಅಂತ!"

ಸಂಜಯ ಹೇಳಿದ. ಎಲ್ಕೆ ಒಪ್ಪಲಿಲ್ಲ. ನಕ್ಷೆಯ ಮೇಲೆ ಬೆರಳಿಟ್ಟು, ತಲೆಯಾಡಿಸುತ್ತ, ಮಾಸ್ತರರಷ್ಟೇ ಹಟದಿಂದ ಉತ್ತರಿಸಿದಳು.

"ಇಲ್ಲಂತ್ರಿ ಸರ್. ನೀವು ಹನ್ನೊಂದು ಪುರಾವೆ ಕೊಟ್ಟೀರಿ, ಅವರಿಗೆ ಪೂರಾ ನಂಬಿಗಿ ಬಂದೈತಂತ. ಮೊದಲನೇ ದರೋಡಿಕೋರ ಯಾ ಊರಾಂವ ಅಂತ ಇಷ್ಟು ವರ್ಷ ಸಿಕ್ಕಿದ್ದಿಲ್ಲಂತ. ಇವತ್ತ ಸಿಕ್ತು ಅಂತಾರ. ಜಮಖಂಡಿ."

ಗುರುಸಿದ್ದ ನಕ್ಕು ನಕ್ಕು ಗೋಡೆಗೆ ಒರಗಿದ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಸ್ತೂರೆವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಮಾಸ್ತರರು ಕಣ್ಣು ಮುಚ್ಚಿಕೊಂಡರು.

"ಗೊಂಬಿ ಮಾರೋರು ಅಂತ ಮೂವತ್ತೆರಡು ವರ್ಷ ನಕ್ಕಿಯಲ್ಲೋ ತಮ್ಮಾ? ಈಗರೆ ಅಂಜು! ನನ್ನ ಗಂಡ ಸಂತ್ಯಾಗ ಗೊಂಬಿ ಮಾರೋರ ಪೈಕಿ ಅಲ್ಲ, ಸಂತಿನ ಲೂಟಿ ಮಾಡೋರ ಪೈಕಿ!"

ಮಾಸ್ತರರು ಕಣ್ಣು ತೆರೆದರು. ಮದುವೆಯಾದಾಗಿನಿಂದ ಹೆಂಡತಿ ತಮ್ಮ ಪಕ್ಷ ವಹಿಸಿದ ಮೊದಲ ಸಂದರ್ಭವದು; ಬೇಡವೆನ್ನಲು ಮನಸ್ಸಾಗಲಿಲ್ಲ. ಎಲ್ಕೆ ಎಲ್ಲರನ್ನೂ ನಿಲ್ಲಿಸಿ, ನಕ್ಷೆಯೊಂದಿಗೆ ಫೋಟೊ ತೆಗೆಸಿಕೊಂಡು ಹೋದಳು.

ಎಳ್ಳಮಾಸಿ ಹಬ್ಬಕ್ಕೆ ಮಾಸ್ತರರು ಗಲಗಲಿಗೆ ಹೋದರು. ಹೋಗಲೇಬೇಕೆಂದು ಎದೆಯುಬ್ಬಿಸಿಯೇ ಹೋದರು. ಗುರುಸಿದ್ದ ಗೊಂಬಿಯ ಸುದ್ದಿ ಎತ್ತಲಿಲ್ಲ. ಆಳುಗಳು ಬಾಗಿ ನಮಸ್ಕಾರ ಮಾಡಿದರು. ಮಾಸ್ತರರು ಪಡಸಾಲೆಯಲ್ಲಿ ಲೋಡಿಗೆ ಒರಗಿ, ಇತಿಹಾಸದ ಅಭ್ಯಾಸ ಎಂದಿಗೂ ವ್ಯರ್ಥವಲ್ಲ ಎಂದುಕೊಂಡು, ದೇಸಾಯರ ಮನೆತನದ ಬೆಳ್ಳಿಯ ತಂಬಿಗೆಯಿಂದ ಗಟಗಟ ನೀರು ಕುಡಿದು ಪಕ್ಕದಲ್ಲಿಟ್ಟರು.

ಲಗಮವ್ವ ಕೋಲೂರಿಕೊಂಡು ನಿಧಾನಕ್ಕೆ ಬಂದಳು. ಅಳಿಯನ ಮುಖವನ್ನು ಪ್ರೀತಿಯಿಂದಲೇ ನೋಡಿದಳು. ಆಮೇಲೆ ಬಗ್ಗಿ, ತಂಬಿಗೆಯನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡಳು.

"ಸಿಟ್ಟಾಗಬ್ಯಾಡ್ರಿ ಅಳಿಯಂದ್ರ," ಎಂದಳು. "ರಕ್ತದ ಗುಣ. ಪಾಪ, ನಿಮ್ಮ ಕೈಯಾಗ ಏನೈತಿ?"